ಮಹಾಂತಯ್ಯನವರ ಬಿದಿರಿನ ವಿಮಾನ

ಎಲ್ಲದಕ್ಕೂ ಮೂಲ ಒಂದು ಕೋತಿ.

ಡಿಸೆಂಬರಿನ ಆ ಭಾನುವಾರ, ನಾಲ್ಕು ದಿನದಿಂದ ಮುಖ ತೋರಿಸದಿದ್ದ ಸೂರ್ಯ ಕಾಶಿಯ ಜಂಗಮವಾಡಿಯ ಮಾಳಿಗೆಗಳ ಮೇಲೆ ಅರ್ಧ ಗಂಟೆಯ ಮಟ್ಟಿಗೆ ಬಂದು ಹೋಗುವ ಮನಸ್ಸು ಮಾಡಿದ್ದ. ಅಷ್ಟು ಸಿಕ್ಕಿದ್ದೇ ಪುಣ್ಯವೆಂದು ತಾರಾದೇವಿಯವರು ಕಬ್ಬಿಣದ ಟ್ರಂಕಿನಲ್ಲಿ ಇದ್ದದ್ದನ್ನೆಲ್ಲ ಮೇಲಕ್ಕೆ ತಂದು ಬಿಸಿಲಿಗೆ ಹರವಿದರು. ಎರಡು ರಜಾಯಿ, ಒಂದು ಕೌದಿ, ಗಂಡನ ವಾಯುಪಡೆಯ ಕಾಲದ ನೀಲಿ ಸ್ವೆಟರು, ಹಳೆಯ ಪಂಚೆಯಲ್ಲಿ ಸುತ್ತಿಟ್ಟಿದ್ದ ಒಂದು ಕಟ್ಟು ಹಾಕಿಸಿದ ಫೋಟೊ. ಹರವಿ, ಒಲೆಯ ಮೇಲಿನ ಹಾಲು ನೋಡಲು ಕೆಳಗಿಳಿದರು. ಮಹಾಂತಯ್ಯನವರು ಅಲ್ಲೇ ಕುರ್ಚಿಯಲ್ಲಿ ಅರೆಗಣ್ಣು ಮುಚ್ಚಿ ಕೂತಿದ್ದರು. ಎಪ್ಪತ್ತಮೂರನೆಯ ವಯಸ್ಸಿನಲ್ಲಿ ಕಾವಲು ಕಾಯುವುದು ಅಂದರೆ ಅಷ್ಟೇ.

ಕೋತಿ ಗೋಡೆ ಹಾರಿ ಬಂದು, ರಜಾಯಿಯನ್ನು ಮೂಸಿ, ಸ್ವೆಟರನ್ನು ತಿರಸ್ಕರಿಸಿ, ಫೋಟೊ ಎತ್ತಿಕೊಂಡಿತು. ಪಂಚೆ ಬಿಚ್ಚಿತು. ಪಾಸ್‌ಪೋರ್ಟು ಪರಿಶೀಲಿಸುವ ಅಧಿಕಾರಿಯ ಹಾಗೆ ಒಮ್ಮೆ ಫೋಟೊ, ಒಮ್ಮೆ ಮಹಾಂತಯ್ಯನವರ ಮುಖ, ಮತ್ತೊಮ್ಮೆ ಫೋಟೊ ನೋಡಿತು. ಎರಡೂ ಒಂದೇ ಆಸಾಮಿಯದಲ್ಲ ಎಂದು ತೀರ್ಮಾನಿಸಿ ಅದನ್ನು ಕೆಳಗಿನ ಗಲ್ಲಿಗೆ ಎಸೆಯಿತು.

ಗಲ್ಲಿಯಲ್ಲಿ ನಾಗಲಿಂಗ ನಿಂತಿದ್ದ. ಬೇರೆ ಯಾರು ನಿಂತಿದ್ದರೂ ಕತೆ ಅಲ್ಲಿಗೇ ಮುಗಿಯುತ್ತಿತ್ತು. ನಾಗಲಿಂಗ ಜಂಗಮವಾಡಿ ಮಠದ ಕಚೇರಿಯ ಗುಮಾಸ್ತ, ಕಾಶಿ ಕನ್ನಡ ಬಳಗದ ಕಾರ್ಯದರ್ಶಿ, ಯಾರ ಮನೆಯ ಒಗ್ಗರಣೆಗೆ ಯಾವ ಎಣ್ಣೆ ಎಂಬುದನ್ನು ನಾಲ್ಕು ಮನೆಯಾಚೆಯಿಂದ ಹೇಳಬಲ್ಲವನು. ಅವನು ಒಡೆದ ಗಾಜು ಕೊಡವಿ ಫೋಟೊ ನೋಡಿದ. ಮೀಸೆ ಆಗತಾನೆ ಮೂಡಿದ ಇಪ್ಪತ್ತರ ಮಹಾಂತಯ್ಯ, ಸಮವಸ್ತ್ರ ಹಾಕಿಕೊಂಡು, ಒಂದು ಯುದ್ಧವಿಮಾನದ ಮೂತಿಯ ಮೇಲೆ ಮೊಣಕೈಯಿಟ್ಟು, ಈಗಷ್ಟೇ ಆಕಾಶದಿಂದ ಇಳಿದು ಬಂದವನ ಹಾಗೆ ನಗುತ್ತಿದ್ದ.

ನಾಗಲಿಂಗ ಅದನ್ನು ಮೇಲೆ ತಂದುಕೊಡಲಿಲ್ಲ. ಅಲ್ಲೇ ನಿಂತು ಮೊಬೈಲಿನಲ್ಲಿ ತೆಗೆದು ಬಳಗದ ಗುಂಪಿಗೆ ಹಾಕಿದ. ಆ ಹೊತ್ತಿಗೆ ಮಹಾಂತಯ್ಯನವರು 'ನಮ್ಮ ಗಲ್ಲಿಯ ಮಾಜಿ ಸೈನಿಕರು' ಆಗಿದ್ದರು. ಅವರು ಎದ್ದು ಮುಖ ತೊಳೆಯುವುದರೊಳಗೆ ಪೈಲಟ್ ಆದರು. ಚಹಾ ಆರುವುದರೊಳಗೆ, ಕಂಟೋನ್ಮೆಂಟಿನಲ್ಲಿ ಕೂತ ಯಾರೋ ಅವರಿಂದ ಎರಡು ಶತ್ರುವಿಮಾನ ಕೆಡವಿಸಿದರು. ಅದಕ್ಕೆ ಮೂವತ್ತೊಂದು ಜನ ಕೈಮುಗಿದರು.

ಹತ್ತು ಗಂಟೆಗೆ ನಾಗಲಿಂಗ ಮೆಟ್ಟಿಲೇರಿ ಬಂದ. ಆ ಸಂಜೆ ಮಠದ ಸಭಾಂಗಣದಲ್ಲಿ ಬಳಗದ ತಿಂಗಳ ಸಭೆ. ಮಂಡಿನೋವಿನ ಬಗ್ಗೆ ಮಾತಾಡಬೇಕಿದ್ದ ಹುಬ್ಬಳ್ಳಿಯ ಡಾಕ್ಟರರ ರೈಲು ಎಲ್ಲೋ ಮಂಜಿನಲ್ಲಿ ನಿಂತು ಹದಿನಾಲ್ಕು ಗಂಟೆ ಆಗಿತ್ತು. ಖಾಲಿಬಿದ್ದ ವೇದಿಕೆಗೆ ವಿಶ್ವನಾಥನೇ ಕೋತಿಯ ಕೈಯಲ್ಲಿ ಭಾಷಣಕಾರನನ್ನು ಕಳಿಸಿಕೊಟ್ಟಿದ್ದಾನೆ ಎಂಬುದು ನಾಗಲಿಂಗನ ನಂಬಿಕೆ.

"ಕಾಕಾ, ಇಷ್ಟ್ ವರ್ಷ ನಮ್ಮ ಗಲ್ಲಿಯೊಳಗಿದ್ದು ಒಂದ್ ಮಾತ್ ಬಾಯಿ ಬಿಡ್ಲಿಲ್ಲಲ್ರೀ ನೀವು. ನಾವು ನಿಮ್ಮನ್ನ ಬರೇ ಸ್ಟೋರಿನವ್ರು ಅಂತ ತಿಳಕೊಂಡಿದ್ವಿ."

ವಾಯುಪಡೆ ಬಿಟ್ಟ ಮೇಲೆ ಮಹಾಂತಯ್ಯನವರು ಇಪ್ಪತ್ತೆರಡು ವರ್ಷ ವಿಶ್ವವಿದ್ಯಾಲಯದ ಉಗ್ರಾಣದಲ್ಲಿ ಕೆಲಸ ಮಾಡಿದ್ದರು. ಸ್ಟೋರಿನವರು ಎನ್ನಿಸಿಕೊಳ್ಳುವುದರಲ್ಲಿ ಅವರಿಗೆ ಬೇಸರವೇನೂ ಇರಲಿಲ್ಲ.

"ಅದನ್ನ ವಾಪಸ್ ಕೊಡಪಾ ನಾಗಲಿಂಗ. ಅದು ಅಂಥಾ ಫೋಟೊ ಅಲ್ಲ."

"ದೊಡ್ಡವ್ರು ಹಿಂಗೇ ಅಂತಾರ," ಅಂದ ನಾಗಲಿಂಗ. ಫೋಟೊವನ್ನು ಆಗಲೇ ಹೊಸ ಕಟ್ಟು ಹಾಕಿಸಲು ಗೋದೌಲಿಯಾದ ಅಂಗಡಿಗೆ ಕೊಟ್ಟಾಗಿದೆ, ಸಂಜೆ ಐದೂವರೆಗೆ ಸಭೆ, ಚಿಕ್ಕಮ್ಮಾರು ಮುಂದಿನ ಸಾಲಿನಲ್ಲಿ ಕೂರಬೇಕು ಎಂದು ಹೇಳಿ ಇಳಿದುಹೋದ.

ಅದು ಅಂಥಾ ಫೋಟೊ ಅಲ್ಲ ಎಂಬುದು ಐವತ್ತೆರಡು ವರ್ಷಗಳಲ್ಲಿ ಮಹಾಂತಯ್ಯನವರು ಆ ಫೋಟೊದ ಬಗ್ಗೆ ಆಡಿದ ಮೊದಲನೆಯ ನಿಜ.

ಎಪ್ಪತ್ತೊಂದರ ಯುದ್ಧದಲ್ಲಿ ಅವರು ಇದ್ದದ್ದು ಪಶ್ಚಿಮದ ಗಡಿಯ ಹತ್ತಿರದ ಒಂದು ವಾಯುನೆಲೆಯಲ್ಲಿ. ಆದರೆ ಆ ನೆಲೆಯಲ್ಲಿ ವಿಮಾನಗಳಿರಲಿಲ್ಲ. ಸರಿಯಾಗಿ ನೋಡಿದರೆ ನೆಲೆಯೂ ಇರಲಿಲ್ಲ. ನಿಜವಾದ ನೆಲೆ ಏಳು ಮೈಲಿ ಆಚೆಗಿತ್ತು. ಶತ್ರು ಬಾಂಬು ಹಾಕುವುದಾದರೆ ಅಲ್ಲಿ ಹಾಕದೆ ಇಲ್ಲಿ ಹಾಕಲಿ ಎಂದು ಸಾಸಿವೆ ಹೊಲಗಳ ನಡುವೆ ಹೂಡಿದ್ದ ನಾಟಕ ಅದು. ಬಿದಿರಿನ ಎಲುಬು, ಗೋಣಿತಟ್ಟಿನ ಚರ್ಮ, ಸುಣ್ಣ ಮತ್ತು ದೀಪದ ಕಾಡಿಗೆಯ ಬಣ್ಣ: ಹೀಗೆ ಏಳು ವಿಮಾನ. ಅವನ್ನು ಕಟ್ಟಿಸಿದವರು ಸಾರ್ಜೆಂಟ್ ಲಾಹಿರಿ. ಸೈನ್ಯಕ್ಕೆ ಸೇರುವ ಮುಂಚೆ ಕಲ್ಕತ್ತೆಯ ನಾಟಕ ಕಂಪನಿಯೊಂದರಲ್ಲಿ ಪರದೆ ಬರೆಯುತ್ತಿದ್ದವರು.

ಹನ್ನೊಂದು ಜನ ಸೇರಿ ನಾನೂರು ಜನರಂತೆ ಬಾಳುವುದು ಅವರ ಡ್ಯೂಟಿ. ಬೆಳಗಾದರೆ ಮಾರುದ್ದದ ಹಗ್ಗಗಳ ಮೇಲೆ ಇನ್ನೂರು ಅಂಗಿ ಒಣಹಾಕಬೇಕು. ಕೊಳೆಯಾಗದ ಅಂಗಿಗಳನ್ನು ದಿನವೂ ಒದ್ದೆ ಮಾಡುವುದು, ದಿನವೂ ಒಣಗಿಸುವುದು. ಹತ್ತು ಗಂಟೆಗೆ ಮೂವತ್ತು ಒಲೆಗಳಲ್ಲಿ ಕುಳ್ಳು ಹಚ್ಚಿ ಹೊಗೆ ಎಬ್ಬಿಸಬೇಕು. ಒಂದರ ಮೇಲೆ ಮಾತ್ರ ಅನ್ನದ ಪಾತ್ರೆ. ಮಧ್ಯಾಹ್ನ ಎತ್ತು ಹೂಡಿ ವಿಮಾನಗಳನ್ನು ಅತ್ತಿತ್ತ ಎಳೆಯಬೇಕು, ಎಳೆದ ಮೇಲೆ ಎತ್ತಿನ ಹೆಜ್ಜೆ ಅಳಿಸಬೇಕು. ಕತ್ತಲಾದಾಗ ಇಡೀ ದೇಶ ಕಿಟಕಿಗೆ ಕರಿ ಕಾಗದ ಅಂಟಿಸಿ ಉಸಿರು ಬಿಗಿಹಿಡಿದು ಕೂತರೆ, ಈ ಹನ್ನೊಂದು ಜನ ಸಾಲಾಗಿ ಲಾಟೀನು ಹಚ್ಚುತ್ತಿದ್ದರು. ಅಲ್ಲಲ್ಲಿ ಒಂದು ಬಾಗಿಲು ಮರೆತು ತೆರೆದಿಟ್ಟಂತೆ, ಯಾರೋ ಬುದ್ಧಿಯಿಲ್ಲದವನು ಬೀಡಿ ಸೇದುತ್ತ ತಿರುಗಿದಂತೆ. ಸಂಜೆಯ ಹಾಜರಿಯಲ್ಲಿ ಲಾಹಿರಿ ಗಂಭೀರವಾಗಿ ಕೇಳುತ್ತಿದ್ದರು, ಇವತ್ತು ಅಜಾಗರೂಕತೆ ಯಾರ ಪಾಳಿ ಎಂದು.

ಹದಿನಾಲ್ಕು ರಾತ್ರಿ ಹಾಗೆ ಕಾದರು. ಬಾಂಬು ಬೀಳಲಿಲ್ಲ. ಒಂಬತ್ತನೆಯ ರಾತ್ರಿ ಒಂದೇ ಒಂದು ಶತ್ರುವಿಮಾನ ಬಂತು. ಮೇಲೆ ಎರಡು ಸುತ್ತು ಹಾಕಿತು, ನೋಡಿತು, ಹೊರಟುಹೋಯಿತು. ಲಾಹಿರಿ ಆ ರಾತ್ರಿ ಊಟ ಮಾಡಲಿಲ್ಲ. ಮೊದಲನೆಯ ಅಂಕಕ್ಕೇ ಪ್ರೇಕ್ಷಕ ಎದ್ದುಹೋದ ದುಃಖ ಅವರಿಗೆ.

ಯುದ್ಧ ಮುಗಿಯುವವರೆಗೆ ಬಾಯಿ ಬಿಡಬಾರದು ಎಂದು ಆಜ್ಞೆಯಿತ್ತು. ಮುಗಿದ ಮೇಲೆ ಬಿಡಬಹುದಿತ್ತು. ಲಾಹಿರಿ ತೆಗೆದುಕೊಟ್ಟ ಫೋಟೊವನ್ನು ಮಹಾಂತಯ್ಯ ಜನವರಿಯಲ್ಲಿ ಊರಿಗೆ ಅಂಚೆಯಲ್ಲಿ ಕಳಿಸಿದರು. ಮಾರ್ಚಿನಲ್ಲಿ ರಜೆಯ ಮೇಲೆ ತಾವೇ ಗದಗಿಗೆ ಹೋದರು. ದಾರಿಯುದ್ದಕ್ಕೂ ಈ ತಮಾಷೆಯನ್ನು ಹೇಗೆ ಹೇಳಿ ಎಲ್ಲರನ್ನೂ ನಗಿಸಬೇಕೆಂದು ಲೆಕ್ಕ ಹಾಕಿಕೊಂಡೇ ಇದ್ದರು. ಮನೆಯ ಹೊಸ್ತಿಲಲ್ಲಿ ಅವ್ವ ಎದುರಾಗಿ, ಫೋಟೊ ಹೆಣ್ಣಿನವರ ಮನೆಗೆ ಹೋಗಿ ಬಂತು, ನೋಡಿದ ಕೂಡಲೇ ಒಪ್ಪಿಬಿಟ್ಟರು, ಮುಂದಿನ ಸೋಮವಾರ ವೀಳ್ಯ ಎಂದಳು. ಮದುವೆಯಾದ ಮೇಲೆ ಹೇಳೋಣ ಎಂದುಕೊಂಡರು. ಆಮೇಲೆ ಮೊದಲನೆಯ ದೀಪಾವಳಿ ಆಗಲಿ ಎಂದುಕೊಂಡರು. ಹೀಗೆ ಐವತ್ತೆರಡು ದೀಪಾವಳಿ ಆದವು.

ತಾರಾದೇವಿ ಆ ಫೋಟೊದ ಬಗ್ಗೆ ಎಂದೂ ಕೇಳಿದವರಲ್ಲ. ವರ್ಷಕ್ಕೊಮ್ಮೆ ತೆಗೆದು, ಒರೆಸಿ, ಸುತ್ತಿ ಇಡುತ್ತಿದ್ದರು. ಆ ಒರೆಸುವ ಕೈ ನೋಡಿದಾಗೆಲ್ಲ ಮಹಾಂತಯ್ಯನವರು ಪೇಪರು ಎತ್ತಿ ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು. ಗಲ್ಲಿಯವರು ನಕ್ಕರೆ ನಗಲಿ. ಆದರೆ ಈ ಹೆಂಗಸು ವಿಮಾನ ನೋಡಿ ಕೈಹಿಡಿದಳು. ಆ ವಿಮಾನ ಗೋಣಿಚೀಲದ್ದೆಂದು ಈಗ, ಅದೂ ಮಠದ ಸಭೆಯಲ್ಲಿ, ಮುಂದಿನ ಸಾಲಿನಲ್ಲಿ ಕೂತು ಅವಳಿಗೆ ಗೊತ್ತಾಗಬೇಕೇ?

ಮಫ್ಲರು ಸುತ್ತಿಕೊಂಡು ಫೋಟೊ ವಾಪಸು ತರಲು ಹೊರಟರು.

ಅಂಗಡಿಯವನು ಅವರನ್ನು ಕಂಡೊಡನೆ ಎದ್ದುನಿಂತು ಸೆಲ್ಯೂಟು ಹೊಡೆದ. ಫೋಟೊ ಕಟ್ಟಿಗೆ ಹೋಗಿರಲಿಲ್ಲ. ಅದು ಕಂಪ್ಯೂಟರಿನ ಪರದೆಯ ಮೇಲಿತ್ತು. ನಾಗಲಿಂಗ ಫ್ರೇಮಿನ ಜೊತೆಗೆ ವೇದಿಕೆಗೆ ಹತ್ತಡಿಯ ಬ್ಯಾನರನ್ನೂ ಹೇಳಿದ್ದನಂತೆ. ಮಹಾಂತಯ್ಯನವರು ಲೆಕ್ಕ ಹಾಕಿದರು. ಅಂಗೈಯಗಲದ ಫೋಟೊದಲ್ಲಿ ಕಾಣದ ಬಿದಿರಿನ ಗೆಣ್ಣು ಹತ್ತಡಿಯಲ್ಲಿ ತೆಂಗಿನಕಾಯಿಯಷ್ಟು ಕಾಣುತ್ತದೆ. ಬಾಲಕ್ಕೆ ಬಿಗಿದಿದ್ದ ನಾರಿನ ಹಗ್ಗ ಹೆಬ್ಬಾವಿನಂತೆ ಕಾಣುತ್ತದೆ. ಭಯ್ಯಾ, ಚಿಕ್ಕದು ಮಾಡು, ಅಂಚೆ ಚೀಟಿಯಷ್ಟು ಮಾಡು ಎಂದು ಬೇಡಿಕೊಂಡರು.

ಫೌಜಿ ಚಾಚಾ ಚಿಂತೆ ಮಾಡಬಾರದು ಎಂದ ಅಂಗಡಿಯವನು. ಫೋಟೊಗೆ ವಯಸ್ಸಾಗಿ ಅಲ್ಲಲ್ಲಿ ಬೂಷ್ಟು ಹಿಡಿದಿತ್ತು, ಗಂಟುಗಂಟು ಕಲೆ ಬಿದ್ದಿತ್ತು, ಹಿಂದುಗಡೆ ಗೀರುಗಳಿದ್ದವು, ಎಲ್ಲವನ್ನೂ ಒರೆಸಿದ್ದೇನೆ ಎಂದು ಪರದೆ ತೋರಿಸಿದ. ಗೆಣ್ಣುಗಳಿರಲಿಲ್ಲ. ಹಗ್ಗವಿರಲಿಲ್ಲ. ಗೋಣಿತಟ್ಟು ಹೊಸ ಸ್ಟೀಲು ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ಕೊನೆಗೆ ತನ್ನ ಕಡೆಯಿಂದ ಇರಲಿ ಎಂದು ಬಾಲದಿಂದ ಆರಡಿ ಬೆಂಕಿ ಬಿಟ್ಟಿದ್ದ. ಸಾರ್ಜೆಂಟ್ ಲಾಹಿರಿ ಹನ್ನೊಂದು ಜನರನ್ನೂ ನಾಲ್ಕು ಎತ್ತುಗಳನ್ನೂ ಇಟ್ಟುಕೊಂಡು ಹದಿನಾಲ್ಕು ದಿನದಲ್ಲಿ ಮಾಡಲಾಗದ್ದನ್ನು ಇವನು ಹತ್ತು ನಿಮಿಷದಲ್ಲಿ ಮಾಡಿ ಮುಗಿಸಿದ್ದ.

ಮಹಾಂತಯ್ಯನವರಿಗೆ ಮೊದಲು ಸಮಾಧಾನವಾಯಿತು. ಅಂಗಡಿಯ ಮೆಟ್ಟಿಲಿಳಿಯುವಾಗ, ಸಮಾಧಾನವಾಯಿತಲ್ಲ ಎಂದು ನಾಚಿಕೆಯಾಯಿತು.

ಮನೆಗೆ ಹೋಗುವ ಬದಲು ಕಾಲು ಘಾಟಿನ ಕಡೆಗೆ ನಡೆಯಿತು. ಸೂರ್ಯ ಆಗಲೇ ಕೆಲಸ ಮುಗಿಸಿ ಹೋಗಿದ್ದ. ಮೆಟ್ಟಿಲುಗಳು ಹತ್ತಿಪ್ಪತ್ತು ಇಳಿದು ಮಂಜಿನಲ್ಲಿ ಕರಗುತ್ತಿದ್ದವು. ನದಿ ಇದೆ ಎಂಬುದಕ್ಕೆ ಸದ್ದೊಂದೇ ಸಾಕ್ಷಿ. ದಡಕ್ಕೆ ಕಟ್ಟಿದ ದೋಣಿಗಳು ನೀರಿನ ಮೇಲಿವೆಯೋ ಗಾಳಿಯಲ್ಲಿವೆಯೋ ಹೇಳಲಾಗದಂತೆ ಮೆಲ್ಲಗೆ ತೂಗುತ್ತಿದ್ದವು. ಅವರು ಒಂದು ಮೆಟ್ಟಿಲ ಮೇಲೆ ಕೂತರು. ಕೂತದ್ದೇ ತಡ, ಸಾಸಿವೆಯ ಹೊಲ ಬಂದು ಪಕ್ಕದಲ್ಲಿ ಕೂತಿತು.

ಯಾರಿಗೂ ಹೇಳದ ಇನ್ನೊಂದು ಸಂಗತಿಯಿತ್ತು. ಲಾಟೀನು ಹಚ್ಚಿ ಮುಗಿಸಿದ ಮೇಲೆ, ಪಾಳಿಯ ನಡುವೆ, ಮಹಾಂತಯ್ಯ ಮೂರನೆಯ ನಂಬರಿನ ವಿಮಾನದ ಹೊಟ್ಟೆಯೊಳಗೆ ನುಸುಳಿ ಕೂರುತ್ತಿದ್ದ. ಸೀಮೆಎಣ್ಣೆಯ ಡಬ್ಬ ಮಗುಚಿಟ್ಟರೆ ಅದೇ ಸೀಟು. ಮುಂದೆ ಗಾಜಿನ ಬದಲು ಬರೀ ಆಕಾಶ. ಗಾಳಿ ಬಂದಾಗ ಗೋಣಿತಟ್ಟು ಪಟಪಟ ಎನ್ನುತ್ತಿತ್ತು, ಬಿದಿರು ಕಿರ್ರೆನ್ನುತ್ತಿತ್ತು, ಇಡೀ ವಿಮಾನ ಎದೆಯುಬ್ಬಿಸಿ ಒಂದಿಷ್ಟು ಮೇಲೇಳುತ್ತಿತ್ತು. ಅಷ್ಟು ಸಾಕಿತ್ತು. ಇಪ್ಪತ್ತು ವರ್ಷದ ಹುಡುಗ ಕಣ್ಣು ಮುಚ್ಚಿ ಹಾರುತ್ತಿದ್ದ. ಎಷ್ಟು ದೂರ ಹೋದರೂ ಬೆಳಗಿನ ಹೊತ್ತಿಗೆ ಅಂಗಿ ಒಗೆಯಲು ವಾಪಸು ಬರುತ್ತಿದ್ದ.

ಸಾಕು, ಹೇಳಿಬಿಡುತ್ತೇನೆ ಎಂದು ನಿಶ್ಚಯಿಸಿದರು. ಸಭೆಗೆ ಮುಂಚೆ ಅವಳೊಬ್ಬಳಿಗೆ. ಹೇಗೆ ಶುರು ಮಾಡಬೇಕೆಂದು ಅಭ್ಯಾಸಕ್ಕೆ ಎದುರಿಗಿದ್ದ ಮೇಕೆಯೊಂದಕ್ಕೆ ಹೇಳಿನೋಡಿದರು. ಯಾರೋ ಚಳಿಗೆಂದು ಅದಕ್ಕೆ ಕೆಂಪು ಸ್ವೆಟರು ತೊಡಿಸಿದ್ದರು, ಆದ್ದರಿಂದ ಹೆಂಗಸಿಗೆ ಹೇಳಿದಂತೆಯೇ ಆಯಿತು. ಮೇಕೆ ಕೊನೆಯವರೆಗೂ ಶಾಂತವಾಗಿ ಕೇಳಿತು. ಮುಗಿದ ಮೇಲೆ ಅವರ ಮಫ್ಲರಿನ ತುದಿ ತಿಂದಿತು. ಇದಕ್ಕಿಂತ ಕೆಟ್ಟದ್ದೇನೂ ಆಗಲಾರದು ಎಂದು ಧೈರ್ಯ ತಂದುಕೊಂಡು ಎದ್ದರು.

ಮನೆಯಲ್ಲಿ ತಾರಾದೇವಿ ಒಬ್ಬರೇ ಇರಲಿಲ್ಲ. ವಿಶ್ವವಿದ್ಯಾಲಯದ ಇತಿಹಾಸದ ಪ್ರೊಫೆಸರು ಕೃಷ್ಣವೇಣಿ ಮಂಚದ ತುದಿಯಲ್ಲಿ ಕೂತು ಅವಲಕ್ಕಿ ಬಟಾಣಿಯ ಬಿಸಿ ಚೂಡಾ ಮಟರ್ ತಿನ್ನುತ್ತಿದ್ದರು. ಮೈಸೂರಿನವರು, ಅಚ್ಚುಕಟ್ಟು ಹೆಂಗಸು. ಹಳೆಯ ಸೈನಿಕರ ನೆನಪುಗಳನ್ನು ಧ್ವನಿಮುದ್ರಿಸಿ ಕೂಡಿಡುವುದು ಅವರ ಕೆಲಸ. ಗುಂಪಿನಲ್ಲಿ ಫೋಟೊ ನೋಡಿ ಆಟೊ ಹಿಡಿದು ಓಡಿಬಂದಿದ್ದರು.

"ಮಹಾಂತಯ್ಯನೋರೇ, ಯುದ್ಧದ ವಿಷ್ಯ ಬೇಡ ನಂಗೆ, ಅದು ಪುಸ್ತಕದಲ್ಲಿದೆ. ಬೆಳಿಗ್ಗೆ ಎದ್ರೆ ನೀವು ಏನ್ ಮಾಡ್ತಿದ್ರಿ, ಅದನ್ನ ಹೇಳಿ ಸಾಕು."

ಇದು ದೇವರು ಕೊಟ್ಟ ದಾರಿ ಅನ್ನಿಸಿತು ಮಹಾಂತಯ್ಯನವರಿಗೆ. ಸುಳ್ಳು ಹೇಳಬೇಕಾಗಿಲ್ಲ, ಕೇಳಿದ್ದಕ್ಕೆ ನಿಜ ಹೇಳುತ್ತ ಹೋದರೆ ಬಿದಿರು ತಾನಾಗಿ ಹೊರಗೆ ಬರುತ್ತದೆ. ಬೆಳಿಗ್ಗೆ ಎದ್ದು ಬಟ್ಟೆ ಒಗೆಯುತ್ತಿದ್ದೆವು ಎಂದರು. ದಿನವೂ? ದಿನವೂ, ಒಗೆದದ್ದನ್ನೇ ಮತ್ತೆ ಒಗೆಯುತ್ತಿದ್ದೆವು. ಕೃಷ್ಣವೇಣಿ 'ಶಿಸ್ತು' ಎಂದು ಬರೆದುಕೊಂಡರು. ಎಷ್ಟು ಜನ ಇದ್ದಿರಿ? ಹನ್ನೊಂದು. ಇಡೀ ನೆಲೆಗೆ ಹನ್ನೊಂದೇ ಜನವೇ ಎಂದು ಪೆನ್ನು ನಿಲ್ಲಿಸಿ ನೋಡಿ, ಆ ಸಂಖ್ಯೆಯ ಕೆಳಗೆ ಎರಡು ಗೆರೆ ಎಳೆದರು. ಶತ್ರುವಿಮಾನದ ಭಯ ಇರಲಿಲ್ಲವೇ ಎಂದು ಕೇಳಿದ್ದಕ್ಕೆ ಮಹಾಂತಯ್ಯನವರು ಯೋಚಿಸಿ, ಭಯವಿರಲಿಲ್ಲ, ಬರಲಿ ಎಂದು ದೀಪ ಹಚ್ಚಿಕೊಂಡು ಕಾಯುತ್ತಿದ್ದೆವು ಎಂದರು. ಕೃಷ್ಣವೇಣಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು.

ನಿಜ ಹೇಳಿದಷ್ಟೂ ತಾವು ದೊಡ್ಡವರಾಗುತ್ತಿರುವುದು ಮಹಾಂತಯ್ಯನವರ ಗಮನಕ್ಕೆ ಬಂತು. ಉಳಿದದ್ದು ಒಂದೇ ಉಪಾಯ.

"ಒಂದಿನ ಏನಾತು ಗೊತ್ತೇನ್ರಿ ಬಾಯಾರ? ನಮ್ಮ ಎತ್ತು ವಿಮಾನದ ಬಾಲಾ ತಿಂದುಬಿಡ್ತು."

ಕೃಷ್ಣವೇಣಿ ಚೂಡಾ ಮಟರಿನ ತಟ್ಟೆ ಕೆಳಗಿಟ್ಟು ಮನಸಾರೆ ನಕ್ಕರು. ಸಾವಿನ ಎದುರಿಗೆ ನಿಂತವರೆಲ್ಲ ಹೀಗೆ ತಮಾಷೆ ಮಾಡಿಯೇ ಬದುಕಿದ್ದು, ಅದರ ಮೇಲೆಯೇ ತಮ್ಮ ಒಂದು ಅಧ್ಯಾಯವಿದೆ ಎಂದರು. ಬಾಗಿಲ ಬಳಿ ನಿಂತಿದ್ದ ತಾರಾದೇವಿ ಮಾತ್ರ ನಗಲಿಲ್ಲ. ಗಂಡನನ್ನೇ ನೋಡುತ್ತಿದ್ದರು.

ಕೃಷ್ಣವೇಣಿ ಹೋದ ಮೇಲೆ ತಾರಾದೇವಿ ಟ್ರಂಕು ತೆಗೆದು ದಾಳಿಂಬೆ ಬಣ್ಣದ ಇಳಕಲ್ ಸೀರೆ ಹೊರಗಿಟ್ಟರು. ಮದುವೆಯ ವರ್ಷದ್ದು. ಗಂಡನ ಕೋಟಿಗೆ ಇಸ್ತ್ರಿ ಹಾಕತೊಡಗಿದರು. ಇದೇ ಸಮಯ ಎಂದು ಮಹಾಂತಯ್ಯನವರು ಕೆಮ್ಮಿದರು.

"ನಿನಗೊಂದು ಮಾತ್ ಹೇಳೂದೈತಿ."

ಇಸ್ತ್ರಿ ನಿಂತಿತು. "ಆ ವಿಮಾನದ್ದೇನು?"

"ಹೂಂ."

"ಅಲ್ಲೇ ಹೇಳ್ರಿ, ಎಲ್ಲಾರ ಮುಂದ. ಇಷ್ಟ್ ದಿನ ತಡದೀನಿ, ಇನ್ನೆರಡು ತಾಸು ತಡೀತೀನಿ. ಮುಂದಿನ ಸಾಲಿನ್ಯಾಗ ಕುಂದರ್ತೀನಿ."

ಇಸ್ತ್ರಿ ಮತ್ತೆ ನಡೆಯಿತು. ಅವಳ ಮುಖದ ಮೇಲಿನ ಬೆಳಕು ನೋಡಿ ಮಹಾಂತಯ್ಯನವರು ಬೂಟು ಹುಡುಕಲು ಹೋದರು.

ಸಭಾಂಗಣದಲ್ಲಿ ಎಂದಿನ ಇಪ್ಪತ್ತೈದು ಜನರ ಬದಲು ಎಂಬತ್ತು ಜನ ಸೇರಿದ್ದರು. ಮಂಡಿನೋವಿಗೆ ಇಷ್ಟು ಜನ ಬರುತ್ತಿರಲಿಲ್ಲ ಎಂದು ನಾಗಲಿಂಗ ಹಿಗ್ಗಿಹೋಗಿದ್ದ. ವೇದಿಕೆಯ ಹಿಂದೆ ಹತ್ತಡಿಯ ಬ್ಯಾನರು ಬೆಂಕಿ ಕಾರುತ್ತಿತ್ತು. ಕನ್ನಡ ಬಾರದ ಗಲ್ಲಿಯ ಜನರೂ ಬಂದು ಹಿಂದೆ ನಿಂತಿದ್ದರು, ಅವರಿಗೆ ಅರ್ಥವಾಗಲು ಬ್ಯಾನರು ಸಾಕಾಗಿತ್ತು. ಮುಂದಿನ ಸಾಲಿನ ನಡುವೆ ತಾರಾದೇವಿ, ಅವರ ಪಕ್ಕಕ್ಕೆ ಪೆನ್ನು ಹಿಡಿದ ಕೃಷ್ಣವೇಣಿ.

ನಾಗಲಿಂಗ ಪರಿಚಯ ಮಾಡಿಕೊಟ್ಟ. ಅದರಲ್ಲಿ ಮಹಾಂತಯ್ಯನವರಿಗೆ ತಿಳಿಯದ ಅನೇಕ ಸಂಗತಿಗಳಿದ್ದವು.

ಅವರು ಎದ್ದು ಮೈಕಿನ ಮುಂದೆ ನಿಂತರು. ಎದೆಯ ಮೇಲಿನ ಲಿಂಗದ ಮೇಲೆ ಬಲಗೈ ಇಟ್ಟುಕೊಂಡರು. ಲಿಂಗ ಮುಟ್ಟಿಕೊಂಡು ಅವರು ಎಂದೂ ಸುಳ್ಳಾಡಿದವರಲ್ಲ. ಬಾಯಲ್ಲಿ ಮೊದಲನೆಯ ವಾಕ್ಯ ಸಿದ್ಧವಾಗಿತ್ತು: ಬಂಧುಗಳೇ, ಅದು ಬಿದಿರಿನ ವಿಮಾನ. ಬಾಯಿ ತೆರೆದರು. ಅಷ್ಟರಲ್ಲಿ ಕಣ್ಣು ಮುಂದಿನ ಸಾಲಿಗೆ ಹೋಯಿತು. ತಾರಾದೇವಿ ಕುರ್ಚಿಯ ತುದಿಗೆ ಬಂದು, ಎರಡೂ ಕೈಯಲ್ಲಿ ಸೆರಗಿನ ಅಂಚು ಹಿಡಿದು, ಮುಂದಕ್ಕೆ ಬಾಗಿ ಕೂತಿದ್ದರು. ಐವತ್ತೆರಡು ವರ್ಷದಲ್ಲಿ ಅವಳು ತಮ್ಮ ಒಂದು ಮಾತಿಗಾಗಿ ಹೀಗೆ ಕಾದು ಕೂತದ್ದನ್ನು ಅವರು ನೋಡಿರಲಿಲ್ಲ.

ಲಿಂಗದ ಮೇಲಿನ ಕೈಯನ್ನು ಮೆಲ್ಲಗೆ ಕೆಳಗಿಳಿಸಿದರು.

"ನಾನು ಹಾರಿದೆ," ಎಂದರು.

ಆಮೇಲೆ ಹೇಳಿದ್ದು ಅವರಲ್ಲ, ಸೀಮೆಎಣ್ಣೆ ಡಬ್ಬದ ಮೇಲೆ ಕೂತ ಹುಡುಗ. ಕತ್ತಲಲ್ಲಿ ನೆಲ ಬಿಟ್ಟಾಗ ಮೊದಲು ಸದ್ದು ಹೇಗೆ ಹಗುರಾಗುತ್ತದೆ, ಆಮೇಲೆ ಮೈ ಹೇಗೆ ಹಗುರಾಗುತ್ತದೆ ಎಂದು ಹೇಳಿದರು. ಇಡೀ ದೇಶ ಕೆಳಗೆ ದೀಪ ಆರಿಸಿ ಮಲಗಿತ್ತು, ಯಾವುದು ಹೊಲ ಯಾವುದು ಹೊಳೆ ತಿಳಿಯುತ್ತಿರಲಿಲ್ಲ ಎಂದರು. ನಕ್ಷತ್ರಗಳು ಮೇಲೆ ಮಾತ್ರ ಇದ್ದದ್ದರಿಂದ ಯಾವ ಕಡೆ ಆಕಾಶ ಎಂಬುದು ಮರೆಯುತ್ತಿರಲಿಲ್ಲ. ಆ ಕತ್ತಲೆಯಲ್ಲಿ ಒಂದೇ ಒಂದು ಕಡೆ, ಸಾಸಿವೆಯ ಹೊಲಗಳ ನಡುವೆ, ಸಾಲಾಗಿ ಸಣ್ಣ ದೀಪಗಳು ಕಂಡವು. ಯಾರೋ ಬುದ್ಧಿಯಿಲ್ಲದವರು, ಬೀಡಿ ಸೇದುತ್ತ ತಿರುಗುತ್ತಿದ್ದರು. ಬಾಗಿಲು ಮುಚ್ಚುವುದನ್ನು ಮರೆತಿದ್ದರು. ಅವರ ಮೇಲೆ ಎರಡು ಸುತ್ತು ಹಾಕಿದೆ. ಕೆಳಗೆ ಯಾರೋ ಎಚ್ಚರವಾಗಿದ್ದಾರೆ, ಯಾರಾದರೂ ಬರಲಿ ಎಂದು ಕಾಯುತ್ತಿದ್ದಾರೆ ಅನ್ನಿಸಿತು. ಏನೂ ಮಾಡದೆ ವಾಪಸು ಬಂದೆ.

ಅವರು ನಿಲ್ಲಿಸಿದಾಗ ಹಿಂದೆ ನಿಂತವರು ಕನ್ನಡ ಬಾರದಿದ್ದರೂ ಕಣ್ಣೊರೆಸಿಕೊಳ್ಳುತ್ತಿದ್ದರು. ನಾಗಲಿಂಗ ಮುಂದೆ ಬಂದು ಶಾಲು ಹೊದಿಸಿದ. ಸಾರನಾಥದ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ ರೇಖಾ ಮುಂದಿನ ಶನಿವಾರದ ಭಾಷಣಕ್ಕೆ ಅಲ್ಲೇ ಒಪ್ಪಿಸಿಕೊಂಡರು. ಕಂಟೋನ್ಮೆಂಟಿನ ಕಡೆಯಿಂದ ಇಬ್ಬರು ಇಪ್ಪತ್ತಾರನೆಯ ಜನವರಿಗೆ ಕರೆದರು. ಇವತ್ತಿನ ಎಲ್ಲ ಧ್ವನಿಮುದ್ರಣವೂ ವಿಶ್ವವಿದ್ಯಾಲಯದ ಸಂಗ್ರಹದಲ್ಲಿರುತ್ತದೆ, ನೂರು ವರ್ಷವಾದರೂ ಅಳಿಸುವುದಿಲ್ಲ ಎಂದು ಕೃಷ್ಣವೇಣಿ ಭರವಸೆ ಕೊಟ್ಟರು. ಅಲ್ಲಿಯವರೆಗೆ ಮಹಾಂತಯ್ಯನವರು ಅಷ್ಟು ಹೆದರಿರಲಿಲ್ಲ.

ಗಲ್ಲಿಯಲ್ಲಿ ಮನೆಗೆ ನಡೆಯುವಾಗ ತಾರಾದೇವಿ ಒಂದೂ ಮಾತಾಡಲಿಲ್ಲ. ಹೆಮ್ಮೆಗೆ ಮಾತು ಬರುವುದಿಲ್ಲ ಎಂದುಕೊಂಡರು ಮಹಾಂತಯ್ಯನವರು. ಸುಳ್ಳು ಹೇಳಿದ್ದಾಯಿತು, ಆದರೆ ಅವಳ ವಿಮಾನ ಉಳಿಯಿತು. ಶಾಲಿನ ಕೆಳಗೆ ಮೈ ಬೆಚ್ಚಗಿತ್ತು.

ಒಳಗೆ ಬಂದು ಬಾಗಿಲು ಹಾಕಿ ತಾರಾದೇವಿ ಮಂಚದ ಮೇಲೆ ಕೂತರು.

"ಯಾಕ ಸುಳ್ಳ ಹೇಳಿದ್ರಿ?"

ಶಾಲು ಜಾರಿತು.

"ಆ ವಿಮಾನ ಬಿದಿರಿಂದು ಅಂತ ನನಗ ಗೊತ್ತಿಲ್ಲೇನು? ನಮ್ಮಪ್ಪ ಹುಟ್ಟಿದಾಗಿಂದ ಬಿದಿರಿನ ವ್ಯಾಪಾರದವ. ಫೋಟೊ ಕೈಯಾಗ ಹಿಡದು ಒಂದ ಕ್ಷಣ ನೋಡಿದ. ಈ ವಿಮಾನ ಸತ್ರೂ ಹಾರೂದಿಲ್ಲ, ಹಾರದ್ದು ಬೀಳೂದಿಲ್ಲ, ಈ ಹುಡುಗಗ ಕೊಟ್ರ ನನ್ನ ಮಗಳು ಮುತ್ತೈದಿಯಾಗಿ ಇರ್ತಾಳ ಅಂದ. ಆವಾಗ ಗದಗಿನ್ಯಾಗ ಇನ್ನೂ ಎರಡು ಸಿಪಾಯಿ ವರ ಬಂದಿದ್ವು. ಅವ್ರು ಖರೇ ಯುದ್ಧ ಮಾಡಿದವ್ರು. ಅವ್ರನ್ನ ಬ್ಯಾಡ ಅಂದ."

ಮಹಾಂತಯ್ಯನವರು ಕೂರಲು ಜಾಗ ಹುಡುಕಿದರು. ಕುರ್ಚಿ ಅದೇ ಜಾಗದಲ್ಲಿದ್ದರೂ ಸಿಗಲು ಸ್ವಲ್ಪ ಹೊತ್ತು ಹಿಡಿಯಿತು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದರು.

"ನೀವಾ ಹೇಳ್ತೀರಿ ಅಂತ ಕಾಯಾಕತ್ತಿದ್ದೆ. ಹೇಳ್ದಿದ್ದಕ್ಕ, ಅದರಾಗ ನಿಮಗೇನೋ ಸುಖ ಇರಬೇಕು ಅಂತ ಸುಮ್ಕಾದೆ. ಇವತ್ತರ ಹೇಳ್ತೀರಿ, ಎಲ್ಲಾರೂ ನಗ್ತಾರ, ನಾನೂ ಒಮ್ಮಿ ಹೊಟ್ಟಿ ತುಂಬ ನಗಬೇಕು ಅಂತ ಸೀರಿ ಉಟಗೊಂಡು ಬಂದು ಕುಂತೆ."

ಮಹಾಂತಯ್ಯನವರಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಅದರ ಹಿಂದೆಯೇ ಮೈಯೆಲ್ಲ ಹಗುರಾಯಿತು. ಹಾಗಾದರೆ ಇನ್ನು ಯಾರ ಹಂಗು? ಬೆಳಿಗ್ಗೆ ಎದ್ದವನೇ ನಾಗಲಿಂಗನಿಗೂ ಆ ಪ್ರೊಫೆಸರಿಗೂ ನಿಜ ಹೇಳಿಬಿಡುತ್ತೇನೆ, ಸಾರನಾಥವೂ ಬೇಡ ಕಂಟೋನ್ಮೆಂಟೂ ಬೇಡ ಎಂದು ಎದ್ದುನಿಂತರು.

"ಕುಂದರ್ರಿ," ಎಂದರು ತಾರಾದೇವಿ. ಸೆರಗು ನೋಡಿಕೊಂಡರು, ಗೋಡೆ ನೋಡಿಕೊಂಡರು. "ಹೇಳಾಕ ಬರೂದಿಲ್ಲ."

"ಯಾಕ?"

"ನೀವು ಮ್ಯಾಲೆ ಹಾರಾಡಾಕತ್ತಿದ್ರಿ. ಬಾಜೂಕ ಕುಂತ ಆ ಬಾಯಾರು ಕೇಳಿದ್ರು, ಅವ್ರು ಆಕಾಶದಾಗ ಇದ್ದಾಗ ನಿಮಗ ಹೆಂಗ ಆಗ್ತಿತ್ರೀ ಅಂತ. ಗಂಡ ಅಷ್ಟ್ ಎತ್ತರ ಹೋಗ್ಯಾನ, ನಾ ಕೆಳಗ ಕುಂತು ಅದು ಬಿದಿರು ಅನ್ನಾಕ ಆಕ್ಕತೇನು? ಹದಿನಾಲ್ಕು ರಾತ್ರಿ ನಿದ್ದಿ ಇಲ್ಲದ ಕಾದೆ, ನೀವು ಸುರಕ್ಷಿತ ಬರ್ಲಿ ಅಂತ ಉಪವಾಸ ಮಾಡಿದೆ, ಯುದ್ಧ ಮುಗದ ದಿನಾ ನೀವು ಬರೆದ ಪತ್ರಾ ಇನ್ನೂ ಇಟಗೊಂಡೀನಿ ಅಂತ ಹೇಳಿದೆ. ಅವ್ರು ಅತ್ರು. ಬರಕೊಂಡ್ರು. ಹೊರಡೂಮುಂದ ಅಂದ್ರು, ಶನಿವಾರ ಸಾರನಾಥಕ್ಕ ಬಂದು ಆ ಪತ್ರಾ ನೋಡ್ತಾರಂತ."

ಮಹಾಂತಯ್ಯನವರು ಹೆಂಡತಿಯ ಮುಖವನ್ನೇ ನೋಡಿದರು.

"ಅಲ್ಲಾ, ಯುದ್ಧ ನಡದಾಗ ನಮ್ಮ ಮದುವಿನ ಆಗಿದ್ದಿಲ್ಲಲ್ಲ."

"ಅದನ್ನ ನಾನೂ ಆಮ್ಯಾಲೆ ನೆನಸಿಕೊಂಡೆ," ಎಂದರು ತಾರಾದೇವಿ. ಎದ್ದು ಇಳಕಲ್ ಸೀರೆಯ ಸೆರಗು ಮಡಚಿದರು. ಮೇಜಿನ ಖಾನೆ ತೆಗೆದು, ಇದ್ದದ್ದರಲ್ಲಿ ಹಳೆಯದಾಗಿ ಕಂಡ ಒಂದು ಹಾಳೆಯನ್ನೂ ಪೆನ್ನನ್ನೂ ತಂದು ಗಂಡನ ಮುಂದಿಟ್ಟರು. "ಬರೀರಿ. ತಾರೀಖು ಎಪ್ಪತ್ತೊಂದು ಡಿಸೆಂಬರ್ ಅಂತ ಹಾಕ್ರಿ. ಸಾರನಾಥದಾಗ ಮಾತಾಡೂಮುಂದ ನಮ್ಮ ಮದುವಿ ಒಂದು ವರ್ಷ ಹಿಂದಕ್ಕ ಸರಸ್ರಿ."